ವಾಸಾ ಹಡಗು ಮಗುಚಿದುದೇಕೆ?

ಹೆಲ್ಸಿಂಕಿಯಿಂದ ಸಂಜೆ ಹೊರಟ ಪ್ರವಾಸಿ ಹಡಗು ರಾತ್ರಿಯೆಲ್ಲ ಬಾಲ್ಟಿಕ್ ಸಮುದ್ರವನ್ನು ದಾಟಿ, ಬೆಳಗಿನ ಹೊತ್ತಿಗೆ ಸ್ಟಾಕ್‌ಹೋಮಿನ ಹೊರಗಿರುವ ದ್ವೀಪಸಮೂಹವನ್ನು ಹೊಗುತ್ತದೆ. ಅಲ್ಲಿಂದ ಮುಂದೆ ನಾವು ಸಾಗುತ್ತಿರುವುದು ಕಡಲಿನಲ್ಲೋ ನದಿಯಲ್ಲೋ ಎಂಬ ಸಂದೇಹ ಹುಟ್ಟುವುದು ಸಹಜ. ಚಿಕ್ಕವು ದೊಡ್ಡವು ಸೇರಿ ಸುಮಾರು 30,000 ದ್ವೀಪಗಳು ಇಲ್ಲಿ ಚೆದರಿಕೊಂಡಿವೆ. ಕೆಲವು ಬರಿಯ ಬಂಡೆಗಳು. ಕೆಲವುಗಳಲ್ಲಿ ಪೈನ್ ಮರಗಳು, ನಡುವೆ ಕೆಂಪು ಬಣ್ಣದ ಒಂದು ಮನೆ. ಹಿಮಯುಗದಲ್ಲಿ ಈ ನೆಲದ ಮೇಲೆ ಕುಳಿತಿದ್ದ ಮಂಜುಗಡ್ಡೆಯ ಭಾರವು ಕರಗಿಹೋದುದರಿಂದ ನೆಲವು ಇಂದಿಗೂ ವರ್ಷಕ್ಕೆ ಕೆಲವು ಮಿಲಿಮೀಟರುಗಳಷ್ಟು ಮೇಲೇಳುತ್ತಿದೆ. ಆ ಕಥೆಯನ್ನು ಇನ್ನೊಮ್ಮೆ ಹೇಳಬೇಕು.

2023ರ ಜೂನ್ ತಿಂಗಳಲ್ಲಿ, ಹೆಲ್ಸಿಂಕಿಯಲ್ಲಿ ನೆಲೆಸಿರುವ ಅಕ್ಕನ ಮನೆಗೆ ಹೋಗಿದ್ದಾಗ, ಅಕ್ಕ, ಭಾವ ಮತ್ತು ಅವರ ಹತ್ತು ವರ್ಷದ ಮಗಳೊಡನೆ ಈ ಪ್ರಯಾಣವನ್ನು ಮಾಡುವ ಸಂದರ್ಭ ನನಗೆ ಒದಗಿತು. ಬೆಳಿಗ್ಗೆ ಸ್ಟಾಕ್‌ಹೋಮ್ ತಲಪಿದ ಹಡಗು ಅದೇ ದಿನ ಸಂಜೆ ಹಿಂದಿರುಗುತ್ತದೆ. ನಗರವನ್ನು ನೋಡಲು ದೊರೆಯುವುದು ಆರು ಗಂಟೆಗಳು ಮಾತ್ರ. ಹಡಗುಕಟ್ಟೆಯಲ್ಲಿ ಇಳಿದು ತಿರುಗಿ ನೋಡಿದಾಗ, ನಾವು ಮಲಗಿ ಬಂದ ಆ ವಾಹನವನ್ನು ಹಡಗೆನ್ನುವುದಕ್ಕಿಂತ ತೇಲುವ ಬೀದಿ ಎನ್ನುವುದೇ ಮೇಲೆಂದು ತೋರಿತು. ಹನ್ನೆರಡು ಅಂತಸ್ತು, ಸುಮಾರು 200 ಮೀಟರ್ ಉದ್ದ, 30 ಮೀಟರ್ ಅಗಲ, ನೀರಿನಿಂದ ಮೇಲಕ್ಕೆ 30 ಮೀಟರಿಗೂ ಹೆಚ್ಚು ಎತ್ತರ. ಆದರೆ ನೀರಿನೊಳಗೆ ಮುಳುಗಿರುವುದು 7 ಮೀಟರಿಗೂ ಕಡಮೆ! ಭೌತಶಾಸ್ತ್ರದ ಪಾಠ ಹೇಳುವವನಿಗೂ ಈ ಲೆಕ್ಕವು ಒಂದು ಕ್ಷಣ ಎದೆಯನ್ನು ಅದುರಿಸುತ್ತದೆ.

ಸ್ಟಾಡ್ಸ್‌ಗೋರ್ಡೆನ್ ಎಂಬ ಆ ಹಡಗುಕಟ್ಟೆಯು ಸೋಡರ್‌ಮಾಲ್ಮ್ ದ್ವೀಪದ ಕಡಿದಾದ ಬಂಡೆಗಳ ಬುಡದಲ್ಲಿದೆ. ನೀರಿನಾಚೆಗೆ ಕಾಣುವುದು ಯೂರ್‌ಗೋರ್ಡೆನ್ ದ್ವೀಪ. ಚಿಕ್ಕದೊಂದು ದೋಣಿ ಹತ್ತು ನಿಮಿಷಗಳಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ. ದಡದಿಂದ ತುಸು ದೂರ ನಡೆದರೆ, ತಾಮ್ರದ ಛಾವಣಿಯ ಮೇಲೆ ಹಡಗಿನ ಪಟಸ್ತಂಭಗಳಂತೆ ಕಂಬಗಳನ್ನು ನಿಲ್ಲಿಸಿರುವ ಒಂದು ದೊಡ್ಡ ಕಟ್ಟಡವಿದೆ. ಇದೇ 1990ರಲ್ಲಿ ತೆರೆದ ವಾಸಾ ವಸ್ತುಸಂಗ್ರಹಾಲಯ. ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನರು ಇಲ್ಲಿಗೆ ಬರುತ್ತಾರೆ. ಅವರು ನೋಡಲು ಬರುವುದು ಒಂದೇ ಒಂದು ವಸ್ತುವನ್ನು.

ಹೊರಗಿನ ಬೆಳಕಿನಿಂದ ಒಳಗೆ ಕಾಲಿಟ್ಟವರಿಗೆ ಮೊದಲು ಕತ್ತಲೆಯಲ್ಲದೆ ಬೇರೇನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡಂತೆ ಆ ಕತ್ತಲೆಯೊಳಗಿಂದ ಕಪ್ಪು ಓಕ್ ಮರದ ಒಂದು ಪರ್ವತವು ಮೂಡಿಬರುತ್ತದೆ. ಮುಂಚಾಚಿದ ಮೂತಿಗಂಬವೂ ಸೇರಿದರೆ 69 ಮೀಟರ್ ಉದ್ದ; ಹಿಂಭಾಗದಲ್ಲಿ ಸಿಂಹಗಳು, ವೀರರು, ದೇವತೆಗಳು, ಹೀಗೆ ನೂರಾರು ಕೆತ್ತನೆಗಳು; ಎರಡು ಸಾಲಾಗಿ ತೆರೆದ ಫಿರಂಗಿಗಳ ಕಿಂಡಿಗಳು. ಹಡಗಿನ 100ಕ್ಕೆ 98 ಪಾಲು ಮೂಲ ಮರವೇ. ಮೂರು ಶತಮಾನಗಳಿಗೂ ಹೆಚ್ಚು ಕಾಲ ನೀರಿನಡಿಯಲ್ಲಿದ್ದು ಇಷ್ಟು ಪೂರ್ಣವಾಗಿ ಉಳಿದುಬಂದ ಆ ಕಾಲದ ಯುದ್ಧನೌಕೆ ಬೇರೊಂದಿಲ್ಲ.

ಅಕ್ಕನ ಮಗಳು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದು ಕೊನೆಗೆ ಕೇಳಿದಳು: “ಮಾವ, ನಮ್ಮ ಹಡಗು ಇದಕ್ಕಿಂತ ಎಷ್ಟೋ ದೊಡ್ಡದು. ಅದು ಬೀಳಲಿಲ್ಲ, ಇದೇಕೆ ಬಿತ್ತು?”

ಈ ಲೇಖನವು ಆಕೆಗೆ ಅಂದು ನಾನು ಕೊಟ್ಟ ಅರೆಬರೆ ಉತ್ತರದ ಪೂರ್ಣರೂಪ.

ಹದಿನೇಳನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ದೊರೆ ಎರಡನೆಯ ಗುಸ್ತಾವ್ ಅಡಾಲ್ಫನು ಪೋಲೆಂಡಿನೊಡನೆ ಯುದ್ಧದಲ್ಲಿ ತೊಡಗಿದ್ದನು. ಬಾಲ್ಟಿಕ್ ಸಮುದ್ರದ ಒಡೆತನ ಬೇಕಾದರೆ ನೌಕಾಬಲ ಬೇಕು. 1625ರಲ್ಲಿ ಹೆನ್ರಿಕ್ ಹೈಬರ್ಟ್‌ಸನ್ ಎಂಬ ಡಚ್ ಕುಶಲಿಯೊಡನೆ ಹೊಸ ಹಡಗುಗಳಿಗಾಗಿ ಒಪ್ಪಂದವಾಯಿತು. ಅವುಗಳಲ್ಲಿ ದೊಡ್ಡದಾದ ವಾಸಾವನ್ನು ಅಲಂಕಾರದಲ್ಲಿಯೂ ಆಯುಧಬಲದಲ್ಲಿಯೂ ಮಿಗಿಲೆನಿಸುವಂತೆ ಕಟ್ಟತೊಡಗಿದರು. ಹಡಗು ಮುಗಿಯುವ ಮೊದಲೇ, 1627ರಲ್ಲಿ, ಹೈಬರ್ಟ್‌ಸನ್ ತೀರಿಕೊಂಡನು. ಹೊಣೆಯು ಹೈನ್ ಯಾಕೋಬ್‌ಸನ್ ಎಂಬುವನ ಮೇಲೆ ಬಿದ್ದಿತು. ಅತ್ತ ಯುದ್ಧರಂಗದಿಂದ ದೊರೆಯ ಪತ್ರಗಳು ಬರುತ್ತಲೇ ಇದ್ದುವು: ಹಡಗು ಬೇಗ ಸಿದ್ಧವಾಗಬೇಕು.

1628ರ ಆಗಸ್ಟ್ 10ರಂದು ವಾಸಾ ಹೊರಟಿತು. ಅರಮನೆಯ ಬಳಿಯಿಂದ ಅದನ್ನು ಹಗ್ಗಗಳ ಸಹಾಯದಿಂದ ಮೆಲ್ಲಗೆ ಎಳೆದು, ಸೋಡರ್‌ಮಾಲ್ಮಿನ ಬಂಡೆಗಳ ಕೆಳಗೆ ತಂದರು. ಹತ್ತು ಹಾಯಿಗಳಲ್ಲಿ ನಾಲ್ಕನ್ನು ಮಾತ್ರ ಬಿಚ್ಚಿದರು. ಗೌರವಸೂಚಕವಾಗಿ ಫಿರಂಗಿಗಳನ್ನು ಹಾರಿಸಿದುದರಿಂದ ಕಿಂಡಿಗಳೆಲ್ಲ ತೆರೆದಿದ್ದುವು. ದಡದ ಮೇಲೆ ಜನವೋ ಜನ. ಹಡಗಿನಲ್ಲಿ ನಾವಿಕರಲ್ಲದೆ ಅವರ ಹೆಂಡಿರು ಮಕ್ಕಳೂ ಇದ್ದರು. ದ್ವೀಪಸಮೂಹದ ಒಂದು ಹಂತದವರೆಗೆ ಜೊತೆಯಲ್ಲಿ ಹೋಗಿಬರಲು ಅವರಿಗೆ ಅಪ್ಪಣೆಯಿತ್ತು. ಬಂಡೆಗಳ ಮರೆಯಿರುವವರೆಗೆ ಗಾಳಿ ಇರಲಿಲ್ಲ. ಮರೆ ತಪ್ಪಿದೊಡನೆ ಒಂದು ಬೀಸು ಬಂದಿತು. ಹಡಗು ಎಡಮಗ್ಗುಲಿಗೆ ವಾಲಿ, ಪ್ರಯಾಸದಿಂದ ನೆಟ್ಟಗಾಯಿತು. ಎರಡನೆಯ ಬೀಸಿಗೆ ಮತ್ತೂ ವಾಲಿತು. ಕೆಳಸಾಲಿನ ತೆರೆದ ಕಿಂಡಿಗಳಿಂದ ನೀರು ನುಗ್ಗಿತು. ಅಷ್ಟೇ. ಒಟ್ಟು ಪ್ರಯಾಣ ಸುಮಾರು 1,300 ಮೀಟರ್. ಹಡಗು 32 ಮೀಟರ್ ಆಳದಲ್ಲಿ ತಳ ಮುಟ್ಟಿ ನಿಂತಾಗ ಪಟಸ್ತಂಭಗಳ ತುದಿಗಳು ನೀರಿನ ಮೇಲೆ ಇನ್ನೂ ಕಾಣುತ್ತಿದ್ದುವು.

ಸುಮಾರು ಮೂವತ್ತು ಜನರು ಸತ್ತರು. ಹಡಗಿನೊಳಗೆ ಸಿಕ್ಕಿದ ಅಸ್ಥಿಪಂಜರಗಳಲ್ಲಿ ಕೆಲವನ್ನು ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಬಹುಕಾಲ ಗಂಡಸಿನದೆಂದು ತಿಳಿದಿದ್ದ ಒಂದು ಅಸ್ಥಿಪಂಜರವು ವಾಸ್ತವವಾಗಿ ಹೆಂಗಸಿನದೆಂದು, ಮೂಳೆಯಲ್ಲಿ ಉಳಿದ ಡಿಎನ್ಎ ಪರೀಕ್ಷೆಯಿಂದ 2023ರಲ್ಲಿ ಪ್ರಕಟವಾಯಿತು. ಆ ಗಾಜಿನ ಪೆಟ್ಟಿಗೆಗಳ ಮುಂದೆ ಯಾರೂ ಜೋರಾಗಿ ಮಾತನಾಡುತ್ತಿರಲಿಲ್ಲ.

ಈಗ ಶಾಸ್ತ್ರಕ್ಕೆ ಬರೋಣ. ವಾಚಕರು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಬಹುದು. ಬಕೆಟ್ಟಿನ ನೀರಿನಲ್ಲಿ ಬರಿದಾದ ಒಂದು ಉದ್ದನೆಯ ಸ್ಟೀಲಿನ ಲೋಟವನ್ನು ನೆಟ್ಟಗೆ ತೇಲಿಬಿಡಿ. ಕೈ ಬಿಟ್ಟೊಡನೆ ಅದು ಮಗ್ಗುಲಾಗುತ್ತದೆ. ಲೋಟದ ತಳಕ್ಕೆ ಎರಡು ಬೆರಳಷ್ಟು ಮರಳು ಹಾಕಿ, ನೆಟ್ಟಗೆ ನಿಲ್ಲುತ್ತದೆ. ಮರಳು ತುಂಬಿದ ಲೋಟ ಬರಿದಾದ ಲೋಟಕ್ಕಿಂತ ಭಾರ. ಆದರೂ ಅದೇ ಸ್ಥಿರ. ಇನ್ನು, ಅಗಲವಾದ ಒಂದು ತಟ್ಟೆಯನ್ನು ತೇಲಿಬಿಡಿ. ಮರಳಿನ ಸಹಾಯವಿಲ್ಲದೆಯೇ ಅದು ನೆಟ್ಟಗಿರುತ್ತದೆ. ನಡುವೆ ಒಂದು ಚಿಕ್ಕ ಡಬ್ಬಿಯನ್ನು ನಿಲ್ಲಿಸಿದರೂ ಮಗುಚುವುದಿಲ್ಲ. ತುಂಗಭದ್ರೆಯ ಹರಿಗೋಲು ಹತ್ತು ಜನರನ್ನು ಹೊತ್ತು ದಾಟುವುದೂ ಈ ಗುಣದಿಂದಲೇ. ಹಾಗಾದರೆ ಸ್ಥಿರತೆಗೆ ಬೇಕಾದುದು ಎರಡು: ಭಾರವು ಕೆಳಗಿರುವುದು ಮತ್ತು ನೀರಿನ ಮಟ್ಟದಲ್ಲಿ ಅಗಲವಾಗಿರುವುದು.

ಇದಕ್ಕೆ ಕಾರಣವೇನು? ತೇಲುವ ವಸ್ತುವಿನ ಮೇಲೆ ಎರಡು ಬಲಗಳು ವರ್ತಿಸುತ್ತವೆ. ಅದರ ತೂಕವು ಗುರುತ್ವಕೇಂದ್ರದ ಮೂಲಕ ಕೆಳಮುಖವಾಗಿಯೂ, ನೀರಿನ ಪ್ಲವನ ಬಲವು ಮುಳುಗಿದ ಭಾಗದ ಮಧ್ಯಬಿಂದುವಿನ ಮೂಲಕ ಮೇಲ್ಮುಖವಾಗಿಯೂ ವರ್ತಿಸುತ್ತವೆ. ಈ ಎರಡನೆಯ ಬಿಂದುವಿಗೆ ಪ್ಲವನ ಕೇಂದ್ರವೆಂದು ಹೆಸರು. ಹಡಗು ನೆಟ್ಟಗಿರುವಾಗ ಎರಡು ಬಿಂದುಗಳೂ ಒಂದೇ ಲಂಬರೇಖೆಯಲ್ಲಿರುತ್ತವೆ. ಹಡಗು ವಾಲಿದಾಗ ಗುರುತ್ವಕೇಂದ್ರವು ಹಡಗಿನೊಳಗೆ ಇದ್ದಲ್ಲಿಯೇ ಇರುತ್ತದೆ; ಆದರೆ ವಾಲಿದ ಮಗ್ಗುಲಿನಲ್ಲಿ ಹೆಚ್ಚು ಭಾಗ ಮುಳುಗುವುದರಿಂದ ಪ್ಲವನ ಕೇಂದ್ರವು ಆ ಕಡೆಗೆ ಸರಿಯುತ್ತದೆ. ಸರಿದ ಬಿಂದುವಿನಿಂದ ನೇರವಾಗಿ ಮೇಲಕ್ಕೆ ಗೆರೆಯೆಳೆದರೆ ಅದು ಹಡಗಿನ ನಡುಗೆರೆಯನ್ನು ಒಂದು ಬಿಂದುವಿನಲ್ಲಿ ಸೇರುತ್ತದೆ. ಅದೇ ಮೆಟಸೆಂಟರ್. ಈ ಬಿಂದು ಗುರುತ್ವಕೇಂದ್ರಕ್ಕಿಂತ ಮೇಲಿದ್ದರೆ ಎರಡು ಬಲಗಳೂ ಸೇರಿ ಹಡಗನ್ನು ನೆಟ್ಟಗೆ ನಿಲ್ಲಿಸುತ್ತವೆ. ಕೆಳಗಿದ್ದರೆ ಅವೇ ಬಲಗಳು ಹಡಗನ್ನು ಇನ್ನಷ್ಟು ಉರುಳಿಸುತ್ತವೆ.

ಇಲ್ಲಿ ಒಂದು ಮಾತು. ಗುರುತ್ವಕೇಂದ್ರವು ಪ್ಲವನ ಕೇಂದ್ರಕ್ಕಿಂತ ಕೆಳಗಿದ್ದರೆ ಮಾತ್ರ ಹಡಗು ಸ್ಥಿರವೆಂದು ವಿದ್ಯಾರ್ಥಿಗಳು ವರ್ಷವರ್ಷವೂ ಉತ್ತರಪತ್ರಿಕೆಗಳಲ್ಲಿ ಬರೆಯುತ್ತಾರೆ. ಇದು ತಪ್ಪು. ನಾವು ಬಂದ ಹನ್ನೆರಡಂತಸ್ತಿನ ಹಡಗಿನ ಗುರುತ್ವಕೇಂದ್ರವು ಪ್ಲವನ ಕೇಂದ್ರಕ್ಕಿಂತ ಬಹಳ ಮೇಲಿದೆ. ಅದನ್ನು ಕಾಪಾಡುವುದು ಮೆಟಸೆಂಟರಿನ ಎತ್ತರ; ಆ ಎತ್ತರವನ್ನು ಒದಗಿಸುವುದು ಅಗಲ. ಹಡಗಿನ ಮುಳುಗಿದ ಭಾಗವು ಆಯತಾಕಾರದ ಪೆಟ್ಟಿಗೆಯೆಂದು ಭಾವಿಸಿದರೆ ಲೆಕ್ಕವು ಸುಲಭ: ಅಗಲದ ವರ್ಗವನ್ನು, ಮುಳುಗಿದ ಆಳದ ಹನ್ನೆರಡರಷ್ಟರಿಂದ ಭಾಗಿಸಿದರೆ, ಮೆಟಸೆಂಟರು ಪ್ಲವನ ಕೇಂದ್ರದಿಂದ ಎಷ್ಟು ಮೇಲಿದೆ ಎಂಬುದು ಬರುತ್ತದೆ.

ನಮ್ಮ ಪ್ರವಾಸಿ ಹಡಗಿಗೆ: ಅಗಲ 30, ಆಳ 7. 900ನ್ನು 84ರಿಂದ ಭಾಗಿಸಿದರೆ 10.7 ಮೀಟರ್. ಪ್ಲವನ ಕೇಂದ್ರವು ತಳದಿಂದ 3.5 ಮೀಟರ್ ಮೇಲಿರುವುದರಿಂದ ಮೆಟಸೆಂಟರು ತಳದಿಂದ ಸುಮಾರು 14 ಮೀಟರ್ ಮೇಲೆ, ಅಂದರೆ ನೀರಿನ ಮಟ್ಟಕ್ಕಿಂತ 7 ಮೀಟರ್ ಎತ್ತರದಲ್ಲಿದೆ. ವಾಸಾಕ್ಕೆ: ಅಗಲ 11.7, ಆಳ 4.8. ಬರುವುದು 2.4 ಮೀಟರ್, ತಳದಿಂದ ಎಣಿಸಿದರೆ 4.8. ಎಂದರೆ ನೀರಿನ ಮಟ್ಟದಲ್ಲಿಯೇ! ನಿಜವಾದ ಹಡಗಿನ ಒಡಲು ಪೆಟ್ಟಿಗೆಯಂತಿರುವುದಿಲ್ಲವಾದುದರಿಂದ ಸೂಕ್ಷ್ಮ ಲೆಕ್ಕದಲ್ಲಿ ಅಂಕಿಗಳು ಬದಲಾಗುತ್ತವೆ. ಆದರೆ ಎರಡು ಹಡಗುಗಳ ನಡುವಣ ಅಂತರವು ಮರೆಯಾಗುವುದಿಲ್ಲ. ಪ್ರವಾಸಿ ಹಡಗಿನ ಯಂತ್ರಗಳು, ಎಣ್ಣೆ, ನೀರಿನ ತೊಟ್ಟಿಗಳು ಎಲ್ಲವೂ ತಳದಲ್ಲಿವೆ. ಮೇಲಿನ ಅಂತಸ್ತುಗಳು ತೆಳುವಾದ ಲೋಹದ ತಗಡಿನ ಗೂಡುಗಳು. ವಾಸಾದ ಸ್ಥಿತಿ ಇದಕ್ಕೆ ತಿರುಗುಮುರುಗು. ನೀರಿನ ಮೇಲೆ 64 ಫಿರಂಗಿಗಳು, ಅವುಗಳಲ್ಲಿ 48 ಒಂದೊಂದೂ ಒಂದು ಟನ್ನಿಗಿಂತ ಭಾರ. ಆದರೆ ತಪ್ಪೆಲ್ಲ ಫಿರಂಗಿಗಳದೆನ್ನಲಾಗದು. ಇತ್ತೀಚಿನ ಅಧ್ಯಯನಗಳ ಪ್ರಕಾರ, ಅವುಗಳನ್ನು ಹೊತ್ತ ಅಂತಸ್ತುಗಳ ತೊಲೆಗಳೇ ಬೇಕಾದುದಕ್ಕಿಂತ ದಪ್ಪವಾಗಿದ್ದುವು, ಅಂತಸ್ತುಗಳ ಎತ್ತರವೂ ಹೆಚ್ಚಾಗಿತ್ತು. ಕೆಳಗೆ ತಳಭಾರಕ್ಕಾಗಿ ತುಂಬಿದ್ದ ಕಲ್ಲು ಸುಮಾರು 120 ಟನ್.

ಇನ್ನಷ್ಟು ಕಲ್ಲು ತುಂಬಬಹುದಾಗಿತ್ತಲ್ಲವೇ? ತುಂಬಿದ್ದರೆ ಹಡಗು ಇನ್ನೂ ಆಳಕ್ಕೆ ಇಳಿದು ಕೆಳಸಾಲಿನ ಕಿಂಡಿಗಳು ನೀರಿಗೆ ಮತ್ತಷ್ಟು ಸಮೀಪವಾಗುತ್ತಿದ್ದುವು. ಇಕ್ಕಟ್ಟು ಒಡಲಿನ ಆಕಾರದಲ್ಲಿಯೇ ಇತ್ತು.

ಇದನ್ನು ಯಾರೂ ಅರಿಯದೆ ಇರಲಿಲ್ಲ ಎಂಬುದೇ ಈ ಕಥೆಯಲ್ಲಿ ನನಗೆ ಅತ್ಯಂತ ಕ್ಲೇಶವನ್ನುಂಟುಮಾಡಿದ ಸಂಗತಿ. ಹಡಗು ಹೊರಡುವ ಮುನ್ನ, ನೌಕಾಧಿಪತಿ ಕ್ಲಾಸ್ ಫ್ಲೆಮಿಂಗನ ಎದುರಿನಲ್ಲಿ ಒಂದು ಪರೀಕ್ಷೆ ನಡೆಯಿತು. ಕಟ್ಟೆಗೆ ಕಟ್ಟಿದ್ದ ಹಡಗಿನ ಮೇಲೆ ಮೂವತ್ತು ಜನರು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಒಟ್ಟಾಗಿ ಓಡಿದರು. ಒಂದೊಂದು ಓಟಕ್ಕೂ ತೂಗಾಟ ಹೆಚ್ಚಿತು. ಮೂರು ಓಟಗಳಾದೊಡನೆ ಪರೀಕ್ಷೆಯನ್ನು ನಿಲ್ಲಿಸಿದರು. ಮುಂದುವರಿಸಿದ್ದರೆ ಹಡಗು ಕಟ್ಟೆಯಲ್ಲಿಯೇ ಮಗುಚುವ ಭಯವಿತ್ತು. ಮೂವತ್ತು ಜನರ ತೂಕವೆಷ್ಟು? ಹೆಚ್ಚೆಂದರೆ 2 ಟನ್. ಹಡಗಿನದು ಸುಮಾರು 1,200 ಟನ್. ತನ್ನ ತೂಕದ ಆರುನೂರರಲ್ಲಿ ಒಂದು ಪಾಲು ಮಗ್ಗುಲು ಬದಲಾಯಿಸಿದರೆ ತತ್ತರಿಸುವ ಹಡಗನ್ನು ಕಡಲಿಗೆ ಕಳುಹಿಸಿದರು. ಜೋಕಾಲಿಯನ್ನು ಹದವರಿತು ತಳ್ಳಿದಂತೆ, ಓಟದ ತಾಳವು ಹಡಗಿನ ತೂಗಾಟದ ತಾಳಕ್ಕೆ ಹೊಂದಿರಬಹುದೆಂಬುದು ನಿಜ. ಆದರೂ ಸ್ಥಿರವಾದ ಹಡಗು ಇಷ್ಟಕ್ಕೆ ಜಗ್ಗುವುದಿಲ್ಲ.

ಪರೀಕ್ಷೆಯ ವಿಷಯವು ಹೊರಬಿದ್ದುದು ಮುಳುಗಡೆಯ ನಂತರದ ವಿಚಾರಣೆಯಲ್ಲಿ, ಹಡಗಿನ ಹಿರಿಯ ನಾವಿಕನಾದ ಯೋರಾನ್ ಮಾಟ್ಸನ್ ಎಂಬುವನ ಹೇಳಿಕೆಯಿಂದ. ಅಲ್ಲಿ ಒಬ್ಬೊಬ್ಬರೂ ತಮ್ಮ ಮಾತನ್ನು ಹೇಳಿಕೊಂಡರು. ಫಿರಂಗಿಗಳನ್ನು ಭದ್ರವಾಗಿ ಕಟ್ಟಿತ್ತು, ಯಾರೂ ಕುಡಿದಿರಲಿಲ್ಲ ಎಂದು ಕಪ್ತಾನ ಸೋಫ್ರಿಂಗ್ ಹಾನ್ಸನ್ ಪ್ರಮಾಣ ಮಾಡಿದನು. ದೊರೆಯು ಒಪ್ಪಿದ ಅಳತೆಗಳಂತೆಯೇ ಕಟ್ಟಿದೆವೆಂದು ಹಡಗು ಕಟ್ಟಿದವರು ವಾದಿಸಿದರು. ಮೊದಲಿನ ಕುಶಲಿ ಸತ್ತಿದ್ದನು, ದೊರೆಯನ್ನು ಪ್ರಶ್ನಿಸುವಂತಿರಲಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ.

ಅವರನ್ನು ಇಂದು ನಾವು ಮೂರ್ಖರೆಂದು ಕರೆಯುವುದು ನ್ಯಾಯವಲ್ಲ. ಅಂದಿನ ಹಡಗು ಕಟ್ಟುವವರಿಗೆ ನಕ್ಷೆಯಿರಲಿಲ್ಲ, ಅನುಭವದಿಂದ ಬಂದ ಪ್ರಮಾಣಸೂತ್ರಗಳಿದ್ದುವು. ಅಳತೆಯೂ ಒಂದೇ ಆಗಿರಲಿಲ್ಲ. ಹಡಗಿನೊಳಗೆ ಸಿಕ್ಕಿದ ನಾಲ್ಕು ಅಳತೆಗೋಲುಗಳಲ್ಲಿ ಎರಡು 12 ಅಂಗುಲಗಳ ಸ್ವೀಡನ್ನಿನ ಅಡಿಯನ್ನೂ, ಎರಡು 11 ಅಂಗುಲಗಳ ಆಮ್‌ಸ್ಟರ್‌ಡಾಮಿನ ಅಡಿಯನ್ನೂ ತೋರಿಸುತ್ತವೆ! 1628ರಲ್ಲಿ ಗೆಲಿಲಿಯೋ ಬದುಕಿದ್ದನು, ನ್ಯೂಟನ್ ಹುಟ್ಟಿರಲಿಲ್ಲ. ತೇಲುವ ವಸ್ತುಗಳ ಸ್ಥಿರತೆಯನ್ನು ಆರ್ಕಿಮಿಡೀಸನು ಕ್ರಿಸ್ತಪೂರ್ವದಲ್ಲಿಯೇ ವಿಚಾರಮಾಡಿದ್ದರೂ, ನಿಜವಾದ ಹಡಗಿಗೆ ಹೊಂದುವ ಲೆಕ್ಕವು ದೊರೆತುದು 1746ರಲ್ಲಿ. ಫ್ರಾನ್ಸಿನ ಪಿಯರ್ ಬೂಗೆ ಎಂಬ ವಿಜ್ಞಾನಿಯು ಭೂಮಿಯ ಆಕಾರವನ್ನು ಅಳೆಯಲು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಗೆ ಹೋಗಿದ್ದ ವರ್ಷಗಳಲ್ಲಿ ಹಡಗುಗಳ ಮೇಲಿನ ತನ್ನ ಗ್ರಂಥವನ್ನು ಬಹುಮಟ್ಟಿಗೆ ಸಿದ್ಧಪಡಿಸಿದನು. ಕಡಲಿನ ಲೆಕ್ಕವು ಬೆಟ್ಟದ ಮೇಲೆ ಹುಟ್ಟಿತು. ಮೆಟಸೆಂಟರ್ ಎಂಬ ಪದವನ್ನು ಕೊಟ್ಟವನೂ ಅವನೇ. ಮೂರು ವರ್ಷಗಳ ಅನಂತರ ಆಯ್ಲರನೂ ಇದೇ ವಿಷಯವನ್ನು ಸ್ವತಂತ್ರವಾಗಿ ಪ್ರಕಟಿಸಿದನು. ವಾಸಾ ಕಟ್ಟಿದವರ ಪಾಲಿಗೆ ಇದೆಲ್ಲ 118 ವರ್ಷ ತಡವಾಯಿತು. ಆದರೆ ಮೂವತ್ತು ಜನರ ಓಟವು ಸೂತ್ರವಿಲ್ಲದೆಯೇ ಉತ್ತರವನ್ನು ಕೊಟ್ಟಿತ್ತು. ಆ ಉತ್ತರವನ್ನು ಹೊರದೇಶದಲ್ಲಿದ್ದ ದೊರೆಗೆ ತಿಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಮುಳುಗಿದ ಮೇಲಿನ ಕಥೆಯೂ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಕಥೆಯೇ. 1664-65ರಲ್ಲಿ ಗಂಟೆಯಾಕಾರದ ಪಾತ್ರೆಯೊಳಗೆ ನಿಂತು ಮುಳುಗುವವರು ಕೆಳಗಿಳಿದು, ಕಗ್ಗತ್ತಲೆಯಲ್ಲಿ ಐವತ್ತಕ್ಕೂ ಹೆಚ್ಚು ಫಿರಂಗಿಗಳನ್ನು ಮೇಲೆತ್ತಿದರು. 30 ಮೀಟರ್ ಆಳದಲ್ಲಿ ಒತ್ತಡವು ಮೇಲಿನದರ ನಾಲ್ಕರಷ್ಟು. ಗಂಟೆಯೊಳಗಿನ ಗಾಳಿಯು ಕಾಲು ಪಾಲಿಗೆ ಕುಗ್ಗುತ್ತದೆ. ಬಾಯ್ಲನು ಈ ನಿಯಮವನ್ನು ಪ್ರಕಟಿಸಿ ಆಗ ಎರಡೇ ವರ್ಷವಾಗಿತ್ತು. ಆಮೇಲೆ ಹಡಗನ್ನು ಜನರು ಮರೆತರು. ಸಾಮಾನ್ಯ ಕಡಲಿನಲ್ಲಾಗಿದ್ದರೆ ಮರ ಕೊರೆಯುವ ಹಡಗುಹುಳುಗಳು ಅದನ್ನು ತಿಂದು ಮುಗಿಸುತ್ತಿದ್ದುವು. ಸ್ಟಾಕ್‌ಹೋಮಿನ ಸುತ್ತಣ ಬಾಲ್ಟಿಕ್ ನೀರಿನಲ್ಲಿ ಉಪ್ಪಿನ ಅಂಶವು ಮಹಾಸಾಗರದ ಆರರಲ್ಲಿ ಒಂದು ಪಾಲಿನಷ್ಟು ಮಾತ್ರ. ಅಲ್ಲಿ ಆ ಹುಳು ಬದುಕಲಾರದು.

ಇದನ್ನರಿತಿದ್ದ ಆಂಡರ್ಸ್ ಫ್ರಾನ್ಸೇನ್ ಎಂಬುವನು ವರ್ಷಗಟ್ಟಲೆ ಕಾಗದಪತ್ರಗಳನ್ನೂ ಕಡಲ ತಳವನ್ನೂ ಶೋಧಿಸಿ, 1956ರಲ್ಲಿ ಹಗ್ಗಕ್ಕೆ ಕಟ್ಟಿದ ಒಂದು ಕೊರೆಯುವ ಸಾಧನದಿಂದ ಕಪ್ಪು ಓಕಿನ ತುಣುಕನ್ನು ಮೇಲೆ ತಂದನು. ಮುಳುಗುಗಾರರು ಹಡಗಿನ ಅಡಿಯಲ್ಲಿ ಆರು ಸುರಂಗಗಳನ್ನು ಕೊರೆದು ಉಕ್ಕಿನ ಹಗ್ಗಗಳನ್ನು ತೂರಿಸಿದರು. ಮೇಲಿನ ತೇಲುಪೀಪಾಯಿಗಳಿಗೆ ನೀರು ತುಂಬಿ ಇಳಿಸಿ, ಹಗ್ಗ ಬಿಗಿದು, ನೀರನ್ನು ಹೊರಹಾಕಿದರೆ ಪೀಪಾಯಿಗಳು ಏಳುತ್ತವೆ, ಜೊತೆಗೆ ಹಡಗೂ ಏಳುತ್ತದೆ. ಅದನ್ನು ಮುಳುಗಿಸಿದ ಪ್ಲವನ ನಿಯಮವೇ ಅದನ್ನು ಎತ್ತಿತು! 1961ರ ಏಪ್ರಿಲ್ 24ರಂದು ವಾಸಾ ನೀರಿನ ಮೇಲೆ ಕಾಣಿಸಿಕೊಂಡಿತು.

ನೀರು ಕುಡಿದ ಮರವನ್ನು ಹಾಗೆಯೇ ಒಣಗಿಸಿದರೆ, ಹಿಂಜರಿಯುವ ನೀರಿನ ಮೇಲ್ಮೈ ಎಳೆತವು ಸೂಕ್ಷ್ಮ ಕೋಶಗಳ ಗೋಡೆಗಳನ್ನು ಒಳಕ್ಕೆ ಸೆಳೆದು ಮರವು ಕುಗ್ಗಿ ಸೀಳುತ್ತದೆ. ಆದುದರಿಂದ 1962ರಿಂದ 1979ರವರೆಗೆ ಹದಿನೇಳು ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂತಹ ದ್ರವ್ಯದ ದ್ರಾವಣವನ್ನು ಹಡಗಿನ ಮೇಲೆ ಸಿಂಪಡಿಸಿ, ನೀರಿನ ಸ್ಥಾನವನ್ನು ಅದಕ್ಕೆ ಕೊಟ್ಟರು. ಅಷ್ಟಕ್ಕೆ ಕಷ್ಟ ಮುಗಿಯಲಿಲ್ಲ. ನಗರದ ಕೊಳಚೆಯಿಂದ ಆಮ್ಲಜನಕ ಕಳೆದುಕೊಂಡ ನೀರಿನಲ್ಲಿ ಬ್ಯಾಕ್ಟೀರಿಯಗಳು ಉತ್ಪಾದಿಸಿದ ಗಂಧಕವು ಮರದೊಳಗೆ ಸೇರಿತ್ತು; ತುಕ್ಕು ಹಿಡಿದ ಮೊಳೆಗಳ ಕಬ್ಬಿಣವೂ ಸೇರಿತ್ತು. 2000ದ ಮಳೆಗಾಲದಂತಹ ಬೇಸಿಗೆಯಲ್ಲಿ, ತೊಯ್ದ ಉಡುಪುಗಳಲ್ಲಿ ಬಂದ ಪ್ರೇಕ್ಷಕರಿಂದ ಒಳಗಿನ ಗಾಳಿಯ ತೇವ ಹೆಚ್ಚಿದಾಗ, ಮರದ ಮೇಲೆ ಬಿಳಿ ಹಳದಿ ಹಿಟ್ಟು ಕಾಣಿಸಿತು. ಮರದಲ್ಲಿ ಆಗಲೇ ಸುಮಾರು 2 ಟನ್ ಗಂಧಕಾಮ್ಲವು ಹುಟ್ಟಿತ್ತೆಂದು 2002ರಲ್ಲಿ ಲೆಕ್ಕಹಾಕಿದರು. ಆ ಮೇಲೆ ಗಾಳಿಯ ತೇವವನ್ನೂ ಉಷ್ಣತೆಯನ್ನೂ ಕಟ್ಟುನಿಟ್ಟಾಗಿ ಹತೋಟಿಯಲ್ಲಿಟ್ಟರು. 2011ರಿಂದ 2018ರವರೆಗೆ 5,000ಕ್ಕೂ ಹೆಚ್ಚು ಕಬ್ಬಿಣದ ಬೋಲ್ಟುಗಳನ್ನು ತೆಗೆದು ತುಕ್ಕು ಹಿಡಿಯದ ಉಕ್ಕಿನವನ್ನು ಹಾಕಿದರು. ಆದರೂ ಹಡಗು ತನ್ನ ಭಾರಕ್ಕೆ ತಾನೇ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಜರಗುತ್ತಿರುವುದನ್ನು ಸೂಕ್ಷ್ಮ ಅಳತೆಗಳು ತೋರಿಸಿವೆ.

ನಾಲ್ಕೂವರೆಗೆ ನಮ್ಮ ಹಡಗು ಕಟ್ಟೆಯನ್ನು ಬಿಟ್ಟಿತು. ಬಂಡೆಗಳ ಮರೆ ಕಳೆದು, ಬೆಕ್‌ಹೋಲ್ಮೆನ್ ಎಂಬ ನಡುಗಡ್ಡೆಯು ಎಡಕ್ಕೆ ಸಮೀಪಿಸಿದಾಗ, ವಾಸಾ ಮುಳುಗಿದ ಜಾಗವು ಅದೇ ಎಂದು ಅಕ್ಕನ ಮಗಳಿಗೆ ತೋರಿಸಿದೆ. ಚಿತ್ರ ತೆಗೆಯಲು ನೂರಾರು ಪ್ರಯಾಣಿಕರು ಎಡಮಗ್ಗುಲಿನ ಕಟಕಟೆಗೆ ಧಾವಿಸಿದರು. ಮೇಜಿನ ಮೇಲೆ ನನ್ನ ಚಹದ ಲೋಟವಿತ್ತು. ನಾವಿಬ್ಬರೂ ಅದರ ಅಂಚನ್ನೇ ನೋಡುತ್ತ ಕುಳಿತೆವು. ಕಣ್ಣಿಗೆ ಕಾಣುವಷ್ಟು ಚಹ ಯಾವ ಕಡೆಗೂ ಸರಿಯಲಿಲ್ಲ.